ಗೈರು ಓದಲು ಬಂದರೆ ಅರ್ಧ ಮಾಸ್ತರಕಿ ಬಂದ ಹಾಗೆ

ಸೆಪ್ಟೆಂಬರ್ 5ರ ವೇದಿಕೆಯಲ್ಲಿ ಶಿಕ್ಷಕರನ್ನು ತಾಯಿ, ತಂದೆ, ದೇವರು ಎಲ್ಲವನ್ನೂ ಮಾಡಿಬಿಡುತ್ತಾರೆ. ಮರುದಿನ ಇಂಡಿಯಲ್ಲೋ ಬೀಳಗಿಯಲ್ಲೋ ರಾಯಬಾಗದಲ್ಲೋ ಶಾಲೆಯ ಬೀಗ ತೆಗೆದಾಗ ಆ ಮಾತು ಯಾವ ಕೆಲಸಕ್ಕೂ ಬರುವುದಿಲ್ಲ. ಯಾವ ಮಗುವಿಗೆ ಈಗ ಏನು ಬೇಕಾಗಿದೆ ಎಂದು ತಿಳಿಸುವ ದಾಖಲೆ ಶಾಲೆಯಲ್ಲಿ ಒಂದೇ, ಹಾಜರಿ ಪುಸ್ತಕ. ಹೊಸದಾಗಿ ಸೇರಿದವರು ಅದನ್ನು ತುಂಬುತ್ತಾರೆ, ಓದುವುದಿಲ್ಲ.

ತಿಂಗಳ ಕೊನೆಗೆ ಒಟ್ಟು ಹಾಕುವ ಮುಂಚೆ ಅರ್ಧ ತಾಸು ಕುಳಿತು ಮೊದಲು ಒಂದೊಂದು ಮಗುವಿನ ಸಾಲನ್ನು ಅಡ್ಡಕ್ಕೆ ಓದಿ. ಆಮೇಲೆ ಒಂದೊಂದು ದಿನವನ್ನು ಉದ್ದಕ್ಕೆ ಓದಿ. ಅಡ್ಡಕ್ಕೆ ಓದಿದರೆ ಮನೆಯ ಕಾರಣ ಕಾಣುತ್ತದೆ, ಉದ್ದಕ್ಕೆ ಓದಿದರೆ ಊರಿನದೋ ನಮ್ಮ ಶಾಲೆಯದೋ ತಪ್ಪು ಕಾಣುತ್ತದೆ. ಪ್ರತಿ ಸಂತೆಯ ದಿನ ತಪ್ಪಿಸಿಕೊಳ್ಳುವ ಹುಡುಗಿ ಹೆಚ್ಚಾಗಿ ಮನೆಯಲ್ಲಿ ಕೂಸು ಆಡಿಸುತ್ತಿರುತ್ತಾಳೆ. ಬೈದು ಉಪಯೋಗವಿಲ್ಲ, ಕೂಸಿಗೆ ಮೂರು ವರ್ಷ ತುಂಬಿದ್ದರೆ ಅಂಗನವಾಡಿ ಅಕ್ಕೋರ ಜೊತೆ ಮಾತಾಡಿ. ಬಿಸಿಯೂಟ ಮುಗಿದ ಮೇಲೆ ಮಾಯವಾಗುವ ಹುಡುಗ ಆಡು-ಕುರಿಯ ಹಿಂದೆ ಇರುತ್ತಾನೆ. ಅವನಿಗೆ ಗಣಿತವನ್ನು ಬೆಳಗಿನ ಅವಧಿಗೆ ತನ್ನಿ. ವೇಳಾಪಟ್ಟಿ ಬದಲಿಸುವುದು ಅವನ ಅಪ್ಪನನ್ನು ಬದಲಿಸುವುದಕ್ಕಿಂತ ಸುಲಭ.

ಉದ್ದಕ್ಕೆ ಓದುವಾಗ ವಾರದ ಒಂದೇ ದಿನ ಇಡೀ ತರಗತಿ ತೆಳುವಾಗಿ ಕಂಡರೆ, ಅದು ಕಬ್ಬಿಣಾಂಶದ ಗುಳಿಗೆ ಕೊಡುವ ದಿನವೇ ಎಂದು ನೋಡಿ. 1ರಿಂದ 5ನೇ ತರಗತಿಗೆ ಗುಲಾಬಿ ಗುಳಿಗೆ (45 ಮಿಲಿಗ್ರಾಂ ಕಬ್ಬಿಣ), 6ರಿಂದ ಮೇಲಿನವರಿಗೆ ನೀಲಿ (60 ಮಿಲಿಗ್ರಾಂ), ವಾರಕ್ಕೆ ಒಂದು. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಕ್ಷೀರಭಾಗ್ಯದ ಹಾಲಿನ ಜೊತೆ ಕೊಟ್ಟರೆ ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ಮೈಗೆ ಹತ್ತಗೊಡುವುದಿಲ್ಲ. ಆದ್ದರಿಂದ ಊಟವಾದ ಮೇಲೆ, ನಿಮ್ಮ ಕಣ್ಣೆದುರೇ, ನೀರಿನ ಜೊತೆ ನುಂಗಿಸಿ. ಮಲ ಕಪ್ಪಾಗುತ್ತದೆ, ಅಂಜಬೇಡಿ ಎಂದು ಹಿಂದಿನ ದಿನವೇ ಮನೆಗೆ ಹೇಳಿ ಕಳಿಸಿ. ಈ ಒಂದು ಮಾತು ಹೇಳದೆ ಬಿಟ್ಟರೆ ಮುಂದಿನ ವಾರ ಅರ್ಧ ತರಗತಿ ಬರುವುದಿಲ್ಲ.

ಆರನೇ ತರಗತಿಯಿಂದ ಮೇಲಿನ ಹುಡುಗಿಯರ ಸಾಲಿನಲ್ಲಿ ತಿಂಗಳಿಗೆ ಮೂರು-ನಾಲ್ಕು ದಿನ ಒಟ್ಟಿಗೆ ಗೈರು ಕಂಡರೆ ಶೌಚಾಲಯಕ್ಕೆ ಹೋಗಿ ನೋಡಿ. ಚಿಲಕ, ಬಕೆಟ್ಟು, ನೀರು, ಮುಚ್ಚಳವಿರುವ ಡಬ್ಬಿ. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಅವರು ಮನೆಯಲ್ಲೇ ಉಳಿಯುತ್ತಾರೆ. ಶೌಚಾಲಯದ ಕೀಲಿ ಹೆಡ್‌ಮಾಸ್ತರ ಟೇಬಲ್ಲಿನ ಖಾನೆಯಲ್ಲಿದ್ದರೆ ಶೌಚಾಲಯ ಇಲ್ಲದ ಲೆಕ್ಕವೇ. ಹುಡುಗಿಯರು ಅದನ್ನು ಕೇಳಿ ಪಡೆಯುವುದಿಲ್ಲ.

ಎಂಟು-ಒಂಬತ್ತನೇ ತರಗತಿಯ ಹುಡುಗಿ ಜಾತ್ರೆಯ ದಿನಗಳಲ್ಲೋ, ಅಕ್ಷಯ ತೃತೀಯದ ಆಸುಪಾಸಿನಲ್ಲೋ ಒಮ್ಮೆಲೇ ನಿಂತುಬಿಟ್ಟರೆ ಅದು ಬೇರೆ ಮಾತು, ಬಾಲ್ಯವಿವಾಹದ್ದು. ಮನೆಯವರು ನಡುವರ್ಷದಲ್ಲಿ ಟಿಸಿ ಕೇಳುವುದು, ಜನ್ಮದಿನಾಂಕ ಹೇಗೆ ಬರೆದಿದೆ ಎಂದು ವಿಚಾರಿಸುವುದು ಇದರ ಮುನ್ಸೂಚನೆ. ಇಲ್ಲಿ ಒಳ್ಳೆಯ ಶಿಕ್ಷಕರೂ ಎಡವುತ್ತಾರೆ. ಮೊದಲು ಮನೆಗೆ ಹೋಗಿ ಬುದ್ಧಿ ಹೇಳುತ್ತಾರೆ. ಅದೇ ರಾತ್ರಿ ಮದುವೆ ಬೇರೆ ಊರಿಗೆ ಹೋಗುತ್ತದೆ, ಗಡಿ ಹತ್ತಿರವಿದ್ದರೆ ಬೇರೆ ರಾಜ್ಯಕ್ಕೇ. ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಸಿಡಿಪಿಒಗೆ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ) ತಿಳಿಸಿ. ಸುದ್ದಿ ಕೊಟ್ಟ ಗೆಳತಿಯ ಹೆಸರು ಸಿಬ್ಬಂದಿ ಕೊಠಡಿಯಲ್ಲೂ ಬಾಯಿಗೆ ಬರಬಾರದು.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರು ಜಿಲ್ಲೆಗಳ ಅತಿ ದೊಡ್ಡ ಗೈರು ಕಬ್ಬಿನದು. ದೀಪಾವಳಿಯ ಹೊತ್ತಿಗೆ ಕಾರ್ಖಾನೆಗಳು ನುರಿಸಲು ಶುರು ಮಾಡಿದರೆ ಮಾರ್ಚ್‌ವರೆಗೂ ನಡೆಯುತ್ತದೆ. ವಿಜಯಪುರದ ಊರು-ತಾಂಡಾಗಳಿಂದ ಕಡಿಯುವ ಗ್ಯಾಂಗ್‌ಗಳು ಮುಧೋಳ, ಜಮಖಂಡಿ, ಅಥಣಿ ಕಡೆಗೆ, ಗಡಿ ದಾಟಿ ಸಾಂಗಲಿ, ಕೊಲ್ಲಾಪುರ ಕಡೆಗೆ ಹೊರಡುತ್ತವೆ. ಗಂಡ-ಹೆಂಡತಿ ಜೋಡಿಯಾಗಿ ಹೋಗುವುದರಿಂದ ಮಕ್ಕಳೂ ಟ್ರ್ಯಾಕ್ಟರ್ ಹತ್ತುತ್ತಾರೆ. ನವೆಂಬರ್‌ನಲ್ಲಿ ತಡೆಯಲು ಹೋದರೆ ಕೆಲಸ ಆಗುವುದಿಲ್ಲ. ಕಬ್ಬು ಕಡಿಯುವ ಕೂಲಿಯ ಮುಂಗಡ ಅದಕ್ಕೆ ಎಷ್ಟೋ ಮೊದಲೇ ಕೈಸೇರಿ ಖರ್ಚೂ ಆಗಿರುತ್ತದೆ. ಇಲಾಖೆಯ ಹಾಸ್ಟೆಲ್‌ಗಳ ಪ್ರವೇಶವೂ ವರ್ಷದ ಆರಂಭದಲ್ಲೇ ಮುಗಿದಿರುತ್ತದೆ. ಮಾತುಕತೆ ಜೂನ್‌ನಲ್ಲೇ ಆಗಬೇಕು.

ಆಗಲೇ ಒಂದು ಪಟ್ಟಿ ಮಾಡಿ: ಯಾರ ಮನೆಯಿಂದ ಯಾರು ಹೋಗುತ್ತಾರೆ, ಎಲ್ಲಿಗೆ, ಊರಲ್ಲಿ ಉಳಿಯುವ ಹಿರಿಯರು ಯಾರು, ಎರಡು ಫೋನ್ ನಂಬರು (ಒಂದು ಹೋಗುವವರದು, ಒಂದು ಉಳಿಯುವವರದು). ಮನೆಯಲ್ಲಿ ಅಜ್ಜಿ ಇದ್ದರೆ ಮಗುವನ್ನು ಉಳಿಸಿಕೊಳ್ಳಬಹುದು. ಅವರ ಮುಂದೆ ಮಗುವಿನ ಭವಿಷ್ಯದ ಮಾತು ತೆಗೆಯಬೇಡಿ. “ಆಯಿ, ಮಧ್ಯಾಹ್ನದ ಊಟ ಸಾಲ್ಯಾಗ ಆಗ್ತೈತ್ರಿ, ರಾತ್ರಿದು ಒಂದ್ ಹೊತ್ತು ನೀವು ನೋಡ್ಕೊಂಡ್ರ ಸಾಕು” ಅನ್ನಿ. ಅಜ್ಜಿಯ ಚಿಂತೆ ರೊಟ್ಟಿಯದು, ಪರೀಕ್ಷೆಯದಲ್ಲ. ಅಜ್ಜಿ ಇಲ್ಲದಿದ್ದರೆ ಹಾಸ್ಟೆಲ್, ಅಥವಾ ಸಮಗ್ರ ಶಿಕ್ಷಣ ಯೋಜನೆಯಡಿ ಋತುಮಾನದ ವಸತಿ ವ್ಯವಸ್ಥೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೆಸರು ಸಮೇತ ಬೇಡಿಕೆ. ಬರೀ ಸಂಖ್ಯೆ ಬರೆದ ಪತ್ರ ಫೈಲಿನಲ್ಲೇ ಉಳಿಯುತ್ತದೆ.

ಎರಡೂ ಆಗದೆ ಹೋಗುವ ಮಗುವಿನ ಸ್ಯಾಟ್ಸ್ (ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ನಂಬರನ್ನು ಒಂದು ಚೀಟಿಯಲ್ಲಿ ಬರೆದು, ತರಗತಿ ನಮೂದಿಸಿ, ಸಹಿ-ಮುದ್ರೆ ಹಾಕಿ ಕೊಡಿ. ಚೀಟಿ ಕಳೆದರೂ ದಾಖಲೆ ಇಲ್ಲವೆಂದು ಅಲ್ಲಿನ ಶಾಲೆ ಹೊರಗೆ ನಿಲ್ಲಿಸುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲು ಹೇಳುತ್ತದೆ. ಅಪ್ಪ-ಅವ್ವನಿಗೆ ಇದನ್ನು ಹೊರಡುವ ಮೊದಲೇ ಬಾಯಿಪಾಠ ಮಾಡಿಸಿ.

ಮಾರ್ಚ್-ಏಪ್ರಿಲ್‌ನಲ್ಲಿ ಮರಳಿದ ಮಗು ಮೊದಲ ದಿನ ಹಾಜರಿ ಕರೆಯುವಾಗ ತನ್ನ ಹೆಸರು ಬರಲಿ ಎಂದು ಕಾಯುತ್ತದೆ. ಬರದಿದ್ದರೆ ಮರುದಿನ ಮತ್ತೆ ಬರುವುದು ಅನುಮಾನ. ಓದುವುದನ್ನು ಇಂಥ ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ. ಹಿಂದೆ ಬೀಳುವುದು ಲೆಕ್ಕದಲ್ಲಿ, ಮುಖ್ಯವಾಗಿ ದಶಕ ತೆಗೆದುಕೊಂಡು ಕಳೆಯುವುದು, ಭಾಗಾಕಾರ ಮತ್ತು ಭಿನ್ನರಾಶಿಯಲ್ಲಿ. ಇಡೀ ಪುಸ್ತಕ ಓಡಿಸುವ ಬದಲು ಈ ಮೂರಕ್ಕೆ ದಿನಕ್ಕೆ ಮುಕ್ಕಾಲು ತಾಸು ಕೊಡಿ. ಗದ್ದೆಯ ಬದುವಿನಲ್ಲಿ ಟನ್ನು, ಕೂಲಿ, ಮುಂಗಡದ ವಜಾ (ಕಡಿತ) ಕೇಳಿ ಬಂದ ಮಗುವಿಗೆ ಭಾಗಾಕಾರದ ಉದಾಹರಣೆ ಹುಡುಕಬೇಕಾಗಿಯೇ ಇಲ್ಲ.

ದಿನಾ ಬಂದರೂ ಗೈರಾಗಿರುವ ಮಕ್ಕಳೂ ಇದ್ದಾರೆ. ಮನೆಯಲ್ಲಿ ಲಂಬಾಣಿ, ಮರಾಠಿ, ಉರ್ದು ಆಡುವ ಒಂದನೇ ತರಗತಿಯ ಮಗು ತಿಂಗಳುಗಟ್ಟಲೆ ಬಾಯಿ ಬಿಡದಿದ್ದರೆ ದಡ್ಡ ಎಂದು ಬರೆದುಬಿಡುತ್ತೇವೆ. ಯಾಡಿ (ಅವ್ವ), ಬಾಟಿ (ರೊಟ್ಟಿ), ಪಾಣಿ (ನೀರು) ಇಂಥ ಹತ್ತು ಮಾತನ್ನು ಕನ್ನಡ ಅಕ್ಷರದಲ್ಲಿ ಗೋಡೆಗೆ ಬರೆಯಿರಿ. ಮಗು ಅರ್ಥ ಮೊದಲೇ ಬಲ್ಲ ಪದದ ಮೇಲೆ ಅಕ್ಷರ ಕಲಿಯುತ್ತದೆ. ಹಾಗೆಯೇ, ಸ್ಯಾಟ್ಸ್ ಅಥವಾ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ “ನಿಮ್ಮಪ್ಪನ ಹೆಸರೇನು” ಎಂದು ತರಗತಿಯ ನಡುವೆ ಕೂಗಿ ಕೇಳಬೇಡಿ. ದೇವದಾಸಿಯರ ಮಕ್ಕಳಿರುವ ಊರುಗಳಿವು. ತಾಯಿಯನ್ನು ಕರೆಸಿ ಒಂಟಿಯಾಗಿ ಕೇಳಿ.

ಒಂದು ಜಾಗದಲ್ಲಿ ಮಾತ್ರ ತಾಯಿ, ತಂದೆ, ದೇವರ ಯಾವ ಪಾತ್ರವನ್ನೂ ಮೈಮೇಲೆ ಹಾಕಿಕೊಳ್ಳಬಾರದು. ಯಾರೋ ಮೈಮುಟ್ಟಿದರು ಎಂದು ಮಗು ಹೇಳಿದರೆ ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ಕೊಡಬೇಡಿ, ಮೂರು ಜನ ಸೇರಿ ವಿಚಾರಣೆ ಮಾಡಬೇಡಿ, ಊರ ಹಿರಿಯರ ಮುಂದೆ ರಾಜಿಗೆ ಕೂರಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಗು ಆಡಿದ ಮಾತನ್ನು ಆಡಿದ ಹಾಗೆಯೇ, ದಿನಾಂಕ ಹಾಕಿ, ಬೇರೆ ಹಾಳೆಯಲ್ಲಿ ಬರೆದು ಲಕೋಟೆಗೆ ಹಾಕಿಡಿ. ಆ ದಿನದ ಗೈರಿನ ಕಾರಣ ಮಾತ್ರ ಹಾಜರಿ ಪುಸ್ತಕದಲ್ಲಿ ಬರೆಯಬೇಡಿ. ಅದನ್ನು ಎಲ್ಲರೂ ತೆಗೆದು ನೋಡುತ್ತಾರೆ.