ಮೊದಲು ಕುದುರೆಯ ಕಾಲು ನೋಡು

ಭಾನುವಾರ, 17 ನವೆಂಬರ್ 2024. ರಾತ್ರಿ ಹತ್ತೂವರೆ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಒಂದು ಟ್ಯಾರೋ ಎಲೆ (ಜನ ಭವಿಷ್ಯ ಕೇಳುವ ಚಿತ್ರದ ಇಸ್ಪೀಟು ಅನ್ನಿ) ತೆಗೆಯುವುದು ನನ್ನ ಅಭ್ಯಾಸ. ಇವತ್ತು ಬಂದದ್ದು ನೈಟ್ ಆಫ್ ಪೆಂಟಕಲ್ಸ್. ಈ ತಿಂಗಳಲ್ಲಿ ಇದು ಮೂರನೇ ಸಲ. "ಅಯ್ಯೋ, ಮತ್ತೆ ನೈಟಾ" ಅಂತ ಜೋರಾಗಿಯೇ ಅಂದುಬಿಟ್ಟೆ. ಅಡುಗೆಮನೆಯಿಂದ ಅಮ್ಮ, "ಭಾನುವಾರಾನೂ ಕೆಲಸಕ್ಕೆ ಕರೀತಾರಾ?" ಅಂತ ಕೇಳಿದರು.

ಕನ್ನಡದಲ್ಲಿ ಬರೆದರೂ ಇದೇ ಗೋಳು. ನೈಟ್ ಅಂದರೆ ರಾತ್ರಿ ಪಾಳಿಯೂ ಹೌದು, ಕುದುರೆ ಸವಾರನೂ ಹೌದು. ಅದಕ್ಕೇ ನಾನು ಇವರಿಗೆಲ್ಲ ರಾವುತ ಅಂತ ಹೆಸರಿಟ್ಟುಕೊಂಡಿದ್ದೇನೆ. ಆನೆಗೆ ಮಾವುತ, ಕುದುರೆಗೆ ರಾವುತ. ಕೋಲಿನ ರಾವುತ, ಬಟ್ಟಲಿನ ರಾವುತ, ಕತ್ತಿ ರಾವುತ, ನಾಣ್ಯದ ರಾವುತ. ಇವತ್ತು ಬೆಳಿಗ್ಗೆ ಬಂದವನು ಈ ಕೊನೆಯವನು. ಹೀಗೆ ಕರೆದ ಮೇಲೆ ನಾಲ್ವರೂ ನಮ್ಮ ಕಡೆಯವರ ಹಾಗೆ ಕಾಣುತ್ತಾರೆ, ಏನೋ ಒಂದು ಸಮಾಧಾನ.

ಟ್ಯಾರೋ ಕಲಿಯುವವರು ಎಲ್ಲಕ್ಕಿಂತ ಜಾಸ್ತಿ ಒದ್ದಾಡುವುದು ಈ ರಾಜ, ರಾಣಿ, ರಾವುತ, ಸೇವಕರ ಹದಿನಾರು ಎಲೆಗಳಲ್ಲಿ. ಅದರಲ್ಲೂ ರಾವುತ. ಸಾವು, ಗೋಪುರ, ಪ್ರೇಮಿಗಳು ಇಂಥವನ್ನು ಚಿತ್ರ ನೋಡಿಯೇ ಏನೋ ಒಂದು ಹೇಳಬಹುದು. ರಾವುತ ಬಂದರೆ, ಯಾರಿವನು? ಕೇಳುವವರೇನಾ, ಕೇಳುವವರ ಗಂಡನಾ, ಇನ್ನೂ ಹುಟ್ಟದ ಪ್ರೇಮಿಯಾ, ನಾಳೆ ಬರುವ ಕೊರಿಯರ್ ಹುಡುಗನಾ? ನಾನು ಕಲಿಯುವಾಗ ನನಗೆ ಗೊತ್ತಿದ್ದ ಅರ್ಥ ಒಂದೇ. ರಾವುತ ಬಂದ ಅಂದರೆ ಯಾರೋ ಒಬ್ಬ ಬರುತ್ತಾನೆ.

ಆ ಅರ್ಥ ಹಿಡಿದುಕೊಂಡು ಹಿಂದೊಮ್ಮೆ ಚೆನ್ನಾಗಿ ಪೆಟ್ಟು ತಿಂದೆ. ಆಫೀಸಿನ ಒಬ್ಬ ಗೆಳತಿಗೆ ಮದುವೆ ಚಿಂತೆ. ಎಲೆ ಕಲಸಿ ಮುಂದಿಟ್ಟೆ, ತೆಗೆದಳು, ಬಟ್ಟಲಿನ ರಾವುತ. ಬಿಳಿ ಕುದುರೆ, ಶಿರಸ್ತ್ರಾಣಕ್ಕೆ ರೆಕ್ಕೆ, ಹಿಮ್ಮಡಿಗೂ ರೆಕ್ಕೆ, ಅಂಗಿ ತುಂಬ ಮೀನು, ಕೈಯಲ್ಲಿ ಬಟ್ಟಲು. ಇನ್ನೇನು ಬೇಕು? "ಬರ್ತಾನೆ ಕಣೇ, ಒಳ್ಳೇ ಹುಡುಗ, ಕವಿ ಮನಸ್ಸಿನವನು" ಅಂದೆ. ಅವಳು ಕಾದಳು. ಯಾರೂ ಬರಲಿಲ್ಲ. ಕಾದು ಸಾಕಾಗಿ, ಮನಸ್ಸಲ್ಲಿದ್ದ ಹುಡುಗನನ್ನು ತಾನೇ ಹೋಗಿ ಕೇಳಿಬಿಟ್ಟಳು. ಅವನು ಮರ್ಯಾದೆಯಿಂದ ಆಗಲ್ಲ ಅಂದ. ಒಂದು ವಾರ ಅವಳು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಆಮೇಲೆ ಅದೇ ಎಲೆ ತೆಗೆದು ನೋಡಿದರೆ ನನಗೇ ನಾಚಿಕೆಯಾಯಿತು. ಬಟ್ಟಲು ಹಿಡಿದು ನಿಧಾನಕ್ಕೆ ಹೊಳೆ ದಾಟಲು ಹೊರಟವಳು ಅವಳೇ! ಬರುವವನ ಚಿತ್ರ ಅಂತ ನಾನು ಓದಿದ್ದು ಹೋಗುವವಳ ಚಿತ್ರವಾಗಿತ್ತು. ನನ್ನ ಹತ್ತಿರ ಇರುವ ಈ ಎಲೆಕಟ್ಟನ್ನು ರೂಪಿಸಿದ ಆರ್ಥರ್ ವೇಟ್ ಈ ಎಲೆಗೆ ಕೊಟ್ಟ ಅರ್ಥಗಳಲ್ಲಿ ಆಗಮನವೂ ಇದೆ, ಪ್ರಸ್ತಾಪವೂ ಇದೆ, ಆಹ್ವಾನವೂ ಇದೆ. ಪ್ರಸ್ತಾಪ ಯಾರು ಯಾರಿಗೆ ಇಡುತ್ತಾರೆ ಅಂತ ಅಲ್ಲಿಲ್ಲ. ಅದನ್ನು ನಾನು ಸುಮ್ನೆ ನನ್ನ ತಲೆಯಿಂದ ಸೇರಿಸಿದ್ದೆ. ಹುಡುಗಿ ಅಂದಮೇಲೆ ಕಾಯಬೇಕು ಅಂತ.

ವೇಟ್ ಹೇಳಿದಂತೆ ಚಿತ್ರ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. 1909ರಲ್ಲಿ ಲಂಡನ್ನಿನಲ್ಲಿ ಈ ಕಟ್ಟು ಅಚ್ಚಾಯಿತು. ಕೆಲಸ ಬೆಟ್ಟದಷ್ಟು, ದುಡ್ಡು ಮಾತ್ರ ಕಮ್ಮಿ ಅಂತ ಆ ವರ್ಷವೇ ಒಂದು ಪತ್ರದಲ್ಲಿ ಬರೆದುಕೊಂಡಿದ್ದಾಳೆ ಪಾಪ. ಇವತ್ತು ಜಗತ್ತಿನಲ್ಲಿ ಯಾರು ಟ್ಯಾರೋ ಅಂದರೂ ಕಣ್ಣ ಮುಂದೆ ಬರುವುದು ಅವಳ ಗೆರೆಗಳೇ, ಕಟ್ಟಿಗೆ ಹೆಸರು ಮಾತ್ರ ಪ್ರಕಾಶಕ ರೈಡರ್‌ದು ಮತ್ತು ವೇಟ್‌ದು. ಇರಲಿ. ವೇಟ್ ಕೋಲಿನ ರಾವುತನ ಬಗ್ಗೆ ಬರೆಯುವಾಗ ಒಂದು ಮಾತು ಹೇಳಿದ್ದಾನೆ: ಕುದುರೆಯ ಚಲನೆಯೇ ಸವಾರನ ಸ್ವಭಾವಕ್ಕೆ ಕೀಲಿಕೈ. ಒಬ್ಬನ ಬಗ್ಗೆ ಹೇಳಿದ ಆ ಮಾತನ್ನು ನಾನು ನಾಲ್ವರಿಗೂ ಹಚ್ಚಿಕೊಂಡೆ. ಈಗ ಯಾವ ರಾವುತ ಬಂದರೂ ಮುಖ ನೋಡುವುದಿಲ್ಲ, ಮೊದಲು ಕುದುರೆಯ ಕಾಲು ನೋಡುತ್ತೇನೆ.

ಕೋಲಿನವನ ಕುದುರೆ ಎರಡೂ ಮುಂಗಾಲು ಎತ್ತಿ ನಿಂತಿದೆ. ಇನ್ನೂ ಹೊರಟಿಲ್ಲ, ಆದರೆ ಗಲಾಟೆ ಆಗಲೇ ಶುರು. ಹಿಂದೆ ಮರುಭೂಮಿ, ಪಿರಮಿಡ್ಡು. ಅಂಗಿಯ ಮೇಲೆ ಹಲ್ಲಿಯಂಥ ಸಾಲಮ್ಯಾಂಡರ್‌ಗಳು, ಬೆಂಕಿಯಲ್ಲಿ ಬದುಕುತ್ತವೆ ಅಂತ ಯೂರೋಪಿನವರು ಹಿಂದೆ ನಂಬಿದ್ದ ಪ್ರಾಣಿ. ಮನೆ ಬದಲಾಯಿಸುವುದು, ಊರು ಬಿಡುವುದು ಈ ಎಲೆಯ ಹಳೇ ಅರ್ಥ. ಬಟ್ಟಲಿನವನ ಕುದುರೆ ಮುಂಗಾಲೊಂದನ್ನು ಎತ್ತಿ, ಬಟ್ಟಲು ತುಳುಕದ ಹಾಗೆ ನಡೆಯುತ್ತಿದೆ. ಕತ್ತಿಯವನ ಕುದುರೆಗೆ ನೆಲವೇ ಬೇಕಿಲ್ಲ, ಮುಂಗಾಲು ಮುಂದಕ್ಕೆ ಹಿಂಗಾಲು ಹಿಂದಕ್ಕೆ ಚಾಚಿಕೊಂಡು ಹಾರುತ್ತಿದೆ, ಮರಗಳೆಲ್ಲ ಗಾಳಿಗೆ ಬಾಗಿವೆ, ಮೋಡ ಹರಿದ ಬಟ್ಟೆಯ ಹಾಗೆ ಚೂರು ಚೂರು, ಇಷ್ಟರ ಮಧ್ಯೆ ಕುದುರೆಯ ಸಜ್ಜಿನ ಮೇಲೆ ಚಿಟ್ಟೆಗಳ ಚಿತ್ರ. ಯಾರ ಗಮನಕ್ಕೂ ಬರುವುದಿಲ್ಲ ಆ ಚಿಟ್ಟೆಗಳು. ಅಷ್ಟು ಅವಸರದಲ್ಲಿ ಹೋಗುವವನ ಮೈಮೇಲೆ ಅಷ್ಟು ಹಗುರವಾದದ್ದನ್ನು ಬರೆದ ಸ್ಮಿತ್ ಬಗ್ಗೆ ನನಗೆ ಯಾವಾಗಲೂ ಗೌರವ.

ಇನ್ನು ನಮ್ಮ ನಾಣ್ಯದವನು. ಕಪ್ಪು ಕುದುರೆ, ದಪ್ಪ ಕಾಲು, ನಾಲ್ಕೂ ನೆಲದ ಮೇಲೆ. ಕುದುರೆಯ ನೆತ್ತಿಯ ಮೇಲೊಂದು ಎಲೆಗೊಂಚಲು, ಸವಾರನ ಶಿರಸ್ತ್ರಾಣದ ಮೇಲೊಂದು. ಓಕ್ ಎಲೆ ಅನ್ನುತ್ತಾರೆ. ಹಿಂದೆ ಉತ್ತ ಹೊಲ, ಸಾಲು ಸಾಲು. ಉತ್ತವರು ಯಾರೋ ಕಾಣುವುದಿಲ್ಲ. ಕೈಯಲ್ಲಿ ಒಂದು ದೊಡ್ಡ ನಾಣ್ಯ ಎತ್ತಿ ಹಿಡಿದಿದ್ದಾನೆ, ಆದರೆ ನೋಡುತ್ತಿರುವುದು ಅದನ್ನಲ್ಲ. ವೇಟ್ ಕೂಡ ಇದನ್ನೇ ಹೇಳುತ್ತಾನೆ, ಲಾಂಛನವನ್ನು ತೋರಿಸುತ್ತಾನೆ, ತಾನು ಅದರೊಳಗೆ ನೋಡುವುದಿಲ್ಲ ಅಂತ. ಜನ ಈ ಎಲೆ ಬಂದರೆ ಮುಖ ಸಣ್ಣ ಮಾಡುತ್ತಾರೆ. ಬೋರು, ಸೋಮಾರಿ, ಏನೂ ಆಗಲ್ಲ ಅಂತ. ಸೋಮಾರಿತನ ಅನ್ನುವುದು ತಲೆಕೆಳಗಾದ ಎಲೆಯ ಅರ್ಥ. ನೆಟ್ಟಗೆ ಬಂದರೆ ಉಪಯೋಗಕ್ಕೆ ಬರುವವನು, ಜವಾಬ್ದಾರಿ ಹೊರುವವನು. ನನ್ನ ಮಟ್ಟಿಗೆ ಈ ತಿಂಗಳು ಮೂರು ಸಲ ಬಂದ ಇವನು ಅಪ್ಪನ ಪೆನ್ಷನ್ ಕಾಗದ. ಆಫೀಸಿಗೆ ಹೋಗು, ಕೂರು, ನಾಳೆ ಬಾ ಅಂತ ಹೇಳಿಸಿಕೊ, ಮತ್ತೆ ಹೋಗು.

ಮಧ್ಯಾಹ್ನ ಹಾಸನದಿಂದ ಚಿಕ್ಕಮ್ಮನ ಮಗಳು ವಿಡಿಯೋ ಕಾಲ್ ಮಾಡಿದಳು. ಅವಳು ಮನೆಯಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ದೀಪಾವಳಿಗೆ ಒಳ್ಳೇ ವ್ಯಾಪಾರ ಆಯಿತಂತೆ. ಈಗ ಜೊತೆಗಿರುವ ಗೆಳತಿ, ಸಾಲ ತೆಗೆದು ಒಂದು ಮಳಿಗೆ ಹಿಡಿಯೋಣ, ಈಗಲೇ, ಸಂಕ್ರಾಂತಿಗೆ ಮುಂಚೆ ಅನ್ನುತ್ತಿದ್ದಾಳೆ. ಗಂಡ, ಇನ್ನೊಂದು ವರ್ಷ ಹೋಗಲಿ ಅನ್ನುತ್ತಾರೆ. "ಎಲೆ ಹಾಕಕ್ಕಾ" ಅಂದಳು. ನಾನು ಮೊದಲೇ ಹೇಳಿದೆ, ನಾಳೆ ಏನಾಗುತ್ತೆ ಅಂತ ಇದು ಹೇಳಲ್ಲ, ಮಾತಾಡೋಕೆ ಒಂದು ನೆಪ ಅಷ್ಟೇ ಅಂತ. "ಗೊತ್ತು ಹಾಕು" ಅಂದಳು.

ಮೂರು ಎಲೆ. ಎಡಕ್ಕೆ ಗೆಳತಿಯ ದಾರಿ, ಬಲಕ್ಕೆ ಗಂಡನ ದಾರಿ, ನಡುವೆ ಕೆಲಸ. ಎಡಕ್ಕೆ ಬಿದ್ದದ್ದು ಕತ್ತಿ ರಾವುತ. ಬಲಕ್ಕೆ, ನಂಬಿ ಬಿಡಿ, ಬೆಳಗಿನ ಅದೇ ನಾಣ್ಯದ ರಾವುತ. ನಡುವೆ ಎಂಟು ನಾಣ್ಯದ ಎಲೆ: ಬೆಂಚಿನ ಮೇಲೆ ಕೂತು ಉಳಿ ಸುತ್ತಿಗೆ ಹಿಡಿದು ಒಂದೊಂದೇ ನಾಣ್ಯ ಕೆತ್ತುವ ಕೆಲಸಗಾರ, ಬಗ್ಗಿಸಿದ ತಲೆ ಎತ್ತಿಲ್ಲ.

ನೋಡಿ ನಾನು ನಕ್ಕುಬಿಟ್ಟೆ. ಇವಳ ಗೆಳತಿ ಕತ್ತಿ ಹಿರಿದು ಹಾರುತ್ತಿದ್ದಾಳೆ, ಗಂಡ ನಾಲ್ಕು ಕಾಲು ಊರಿ ನಿಂತಿದ್ದಾರೆ, ಇದನ್ನು ಹೇಳಲು ಟ್ಯಾರೋ ಯಾಕೆ ಬೇಕು? ಆದರೆ ಇನ್ನೊಂದು ವಿಷಯ ಇತ್ತು. ಈ ಕಟ್ಟಿನಲ್ಲಿ ಕೋಲಿನವನೂ ಕತ್ತಿಯವನೂ ನಮ್ಮ ಎಡಕ್ಕೆ ಮುಖ ಮಾಡಿದ್ದಾರೆ, ಬಟ್ಟಲಿನವನೂ ನಾಣ್ಯದವನೂ ಬಲಕ್ಕೆ. ಹಾಗಾಗಿ ಎಡದಲ್ಲಿ ಬಿದ್ದ ಕತ್ತಿ ರಾವುತ ಆ ಕಡೆಗೇ ಹಾರಿಹೋಗುತ್ತಿದ್ದ, ಬಲದಲ್ಲಿ ಬಿದ್ದ ನಾಣ್ಯದ ರಾವುತ ಬಲಕ್ಕೇ ನೋಡುತ್ತಾ ನಿಂತಿದ್ದ. ನಡುವೆ ಕೂತ ಕೆಲಸಗಾರನಿಗೆ ಇಬ್ಬರದೂ ಬೆನ್ನು. ಎರಡು ರಾವುತರು ಒಟ್ಟಿಗೆ ಬಂದರೆ ಆಪ್ತತೆ ಅಂತ ವೇಟ್ ಒಂದು ಪಟ್ಟಿಯಲ್ಲಿ ಬರೆದಿದ್ದಾನೆ. ಹ್ಞೂಂ, ಒಳ್ಳೇ ಆಪ್ತತೆ.

ಫೋನನ್ನು ಎಲೆಗಳ ಮೇಲೆ ಹಿಡಿದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಕ್ಕಾ, ಮೂರು ತಿಂಗಳಿಂದ ಎಣ್ಣೆ ರೇಟು, ಬಾಡಿಗೆ, ಸಾಲ ಇದೇ ಮಾತು. ಈ ಸಲದ ಅಕ್ಕಿ ಹಿಟ್ಟು ಸರಿ ಇಲ್ಲ, ಚಕ್ಕುಲಿ ಮುರೀತಿದೆ ಅಂತ ನಾನು ಹೇಳಿದ್ದನ್ನ ಇಬ್ಬರೂ ಕಿವಿಗೇ ಹಾಕಿಕೊಂಡಿಲ್ಲ. ಕೇಳಿದ್ದು ನಮ್ಮತ್ತೆ ಒಬ್ಬರೇ. ತಿಂದು ನೋಡಿ, ಉದ್ದು ಹುರಿದದ್ದು ಸಾಲದು ಅಂದರು" ಅಂದಳು.

ಆಮೇಲೆ ಅರ್ಧ ಗಂಟೆ ಉದ್ದಿನ ಬೇಳೆ ಬಗ್ಗೆ ಮಾತಾಡಿದೆವು. ರಾವುತರು ಹಾಗೇ ಮೇಜಿನ ಮೇಲೆ ಬಿದ್ದಿದ್ದರು.

ನಡುವೆ ಅವಳು ಒಂದು ಒಳ್ಳೇ ಪ್ರಶ್ನೆ ಕೇಳಿದಳು. "ಇಸ್ಪೀಟಲ್ಲಿ ಗುಲಾಮ, ರಾಣಿ, ರಾಜ ಅಷ್ಟೇ ಅಲ್ವಾ? ಇವನೆಲ್ಲಿಂದ ಬಂದ?" ಅಸಲಿಗೆ ಇವನು ಬಂದವನಲ್ಲ, 52 ಎಲೆಯ ಆಟದಿಂದ ಹೊರಗೆ ಹೋದವನು. ಗುಲಾಮನಿಗೂ ರಾಣಿಗೂ ನಡುವೆ ಇವನ ಜಾಗ. ಸ್ಪೇನ್, ಇಟಲಿಯ ಎಲೆಗಳಲ್ಲಿ ಈಗಲೂ ಕುದುರೆ ಸವಾರ ಇದ್ದಾನೆ, ಅಲ್ಲಿ ರಾಣಿಯೇ ಇಲ್ಲ. ಫ್ರಾನ್ಸಿನಲ್ಲಿ 78 ಎಲೆಯ ಟ್ಯಾರೋವನ್ನು ಈಗಲೂ ಆಟವಾಗಿಯೇ ಆಡುತ್ತಾರೆ, ಭವಿಷ್ಯಕ್ಕೂ ಅದಕ್ಕೂ ಸಂಬಂಧವಿಲ್ಲ, ರಾವುತ ಸಿಕ್ಕರೆ ಎರಡೂವರೆ ಪಾಯಿಂಟು. ಇನ್ನೂ ಹಿಂದೆ ಹೋದರೆ ಈಜಿಪ್ಟನ್ನು ಆಳಿದ ಮಾಮ್ಲೂಕ್ ಸುಲ್ತಾನರ ಕಾಲದ ಎಲೆಗಳು ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿವೆ. ಅವುಗಳಲ್ಲಿ ರಾಜ, ರಾಜನ ನಾಯಿಬ್, ಎರಡನೇ ನಾಯಿಬ್. ನಾಯಿಬ್ ಅಂದರೆ ಪ್ರತಿನಿಧಿ. ಅದರ ಬಹುವಚನದಿಂದಲೇ ನಮ್ಮ ನವಾಬ ಬಂದದ್ದು! ಆ ಎಲೆಗಳಲ್ಲಿ ಬಟ್ಟಲು, ನಾಣ್ಯ, ಕತ್ತಿ ಜೊತೆಗೆ ಪೋಲೋ ಆಡುವ ಕೋಲು. ಪೋಲೋ ಗೊತ್ತಿಲ್ಲದ ಯೂರೋಪಿನವರು ಅದನ್ನು ಬರೀ ಕೋಲು ಮಾಡಿಕೊಂಡರು. ಒಟ್ಟಿನಲ್ಲಿ ರಾವುತ ಅಂದರೆ ರಾಜನ ಕೆಲಸಕ್ಕೆ ಹೊರಟವನು. ಸ್ವಂತ ಸಿಂಹಾಸನ ಇಲ್ಲ, ಸ್ವಂತ ಕುದುರೆ ಇದೆ.

"ಹೆಂಗಸರಿಲ್ವಾ ಇವರಲ್ಲಿ?" ಅಂತ ಮುಂದಿನ ಪ್ರಶ್ನೆ. ಇದ್ದರು. ಹದಿನೈದನೇ ಶತಮಾನದಲ್ಲಿ ಮಿಲಾನಿನ ವಿಸ್ಕೊಂತಿ ಮನೆತನಕ್ಕೆ ಚಿನ್ನದ ರೇಕು ಹಚ್ಚಿ ಬರೆದ ಒಂದು ಕಟ್ಟು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅದರಲ್ಲಿ ಕುದುರೆ ಏರಿದ ಹೆಂಗಸರೂ ಇದ್ದಾರೆ. ಅದೇ ಊರಿನ ಇನ್ನೊಂದು ಕಟ್ಟು ನ್ಯೂಯಾರ್ಕ್‌ಗೂ ಇಟಲಿಯ ಬೆರ್ಗಾಮೋಗೂ ಹಂಚಿಹೋಗಿದೆ. 78ರಲ್ಲಿ 74 ಎಲೆ ಉಳಿದಿವೆ. ಕಳೆದುಹೋದ ನಾಲ್ಕರಲ್ಲಿ ಪಿಶಾಚಿ ಒಂದು, ಗೋಪುರ ಒಂದು, ಮೂರು ಕತ್ತಿ ಒಂದು, ಇನ್ನೊಂದು ಯಾರು ಹೇಳಿ? ನಾಣ್ಯದ ರಾವುತ. ಕದಲದೆ ನಿಂತವನೇ ಕಾಣೆಯಾದ.

ಇದನ್ನು ಕೇಳಿ ಅವಳು ಬಿದ್ದು ಬಿದ್ದು ನಕ್ಕಳು. "ಇವರೂ ಹಾಗೇ ಅಕ್ಕ, ಗಿರಣಿಗೆ ಹೋಗಿ ಬನ್ನಿ ಅಂದರೆ ಸಾಕು ಕಾಣಲ್ಲ."

ಕಲಿಯುವವರಿಗೆ ಒಂದು ಮಾತು, ನಾನೂ ಎಡವಿದ್ದೇನೆ ಅದಕ್ಕೆ ಹೇಳುತ್ತಿದ್ದೇನೆ. ಇಂಗ್ಲಿಷ್ ಮಾಂತ್ರಿಕ ಅಲಿಸ್ಟರ್ ಕ್ರೌಲಿ ಹೇಳಿ ಫ್ರೀಡಾ ಹ್ಯಾರಿಸ್ ಚಿತ್ರ ಬರೆದ ಥಾತ್ ಅನ್ನುವ ಇನ್ನೊಂದು ಟ್ಯಾರೋ ಕಟ್ಟಿನಲ್ಲಿ ರಾಜನೇ ಇಲ್ಲ. ಅಲ್ಲಿ ರಾವುತನೇ ಎಲ್ಲರಿಗಿಂತ ಮೇಲೆ, ಆಮೇಲೆ ರಾಣಿ, ರಾಜಕುಮಾರ, ರಾಜಕುಮಾರಿ. ಆ ಕಟ್ಟಿನ ಅರ್ಥ ಓದಿಕೊಂಡು ಈ ಕಟ್ಟಿನ ಎಲೆಗೆ ಹಚ್ಚಿದರೆ ಊರ ಯಜಮಾನನ ಮಾತನ್ನು ಅವನ ಮಗನ ಬಾಯಲ್ಲಿ ಹೇಳಿಸಿದ ಹಾಗಾಗುತ್ತದೆ. ಯಾವ ಕಟ್ಟು ಕೈಯಲ್ಲಿದೆಯೋ ಅದರ ಚಿತ್ರ ನೋಡಿ.

ತಲೆಕೆಳಗಾದ ಎಲೆ ನಾನು ಓದುವುದಿಲ್ಲ. ಬಟ್ಟಲಿನವನು ತಲೆಕೆಳಗಾದರೆ ಮೋಸ, ವಂಚನೆ ಅಂತ ಬರೆದಿರುತ್ತದೆ, ಅದನ್ನು ಮದುವೆ ನಿಶ್ಚಯವಾದ ಹುಡುಗಿಯ ಮುಂದೆ ಹೇಳುವ ಧೈರ್ಯ ನನಗಿಲ್ಲ, ಹೇಳುವ ಹಕ್ಕೂ ಇಲ್ಲ.

ಸಂಜೆ ಅವಳು ಮೂರೂ ಎಲೆಯ ಫೋಟೋ ಕೇಳಿದಳು, ಕಳಿಸಿದೆ. ಗೆಳತಿಗೂ ಗಂಡನಿಗೂ ತೋರಿಸಬೇಕಂತೆ. ಈಗ ಹತ್ತು ನಿಮಿಷದ ಹಿಂದೆ ಮೆಸೇಜು ಬಂತು. ಗೆಳತಿಗೆ ವಾಟ್ಸಾಪ್ ಮಾಡಿದ ಎರಡೇ ಸೆಕೆಂಡಿಗೆ ಮೂರು ಹೆಬ್ಬೆಟ್ಟು ಬಂತಂತೆ, ಜೊತೆಗೆ ಒಂದು ಮಳಿಗೆಯ ಲೊಕೇಷನ್ನು. ಗಂಡ ಊಟ ಮುಗಿಸಿ, ಕೈ ತೊಳೆದು, ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, ಫೋಟೋ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದರಂತೆ. ಆಮೇಲೆ, "ಕುದುರೆ ಚೆನ್ನಾಗಿ ಮೇಯ್ದಿದೆ" ಅಂದರಂತೆ.