ಗಿರಿಗದ್ದೆಯ ಒಂದು ರಾತ್ರಿ, ಬೆನ್ನ ಕೆಳಗಿನ ಕಲ್ಲು

ಟೆಂಟಿನ ಚೀಲದ ಮೇಲೆ ‘3 ಜನರಿಗೆ’ ಅಂತ ಬರೆದಿತ್ತು. ಬರೆದವರು ಯಾವ ಊರಿನ ಮೂರು ಜನರನ್ನು ನೋಡಿದ್ದರೋ ಗೊತ್ತಿಲ್ಲ. ನಾನು, ನನ್ನ ಹದಿನೈದರ ಮಗಳು, ತಮ್ಮನ ಹೆಂಡತಿ ಮೂವರೂ ಅದರೊಳಗೆ ಮಲಗಿದೆವು. ಒಬ್ಬರು ಮಗ್ಗುಲು ಬದಲಿಸಬೇಕು ಅಂದರೆ ಮೂವರೂ ಬದಲಿಸಬೇಕು. ತಮ್ಮನಿಗೆ ಬೇರೆ ಪುಟ್ಟ ಟೆಂಟ್. ಅವನ ಗೊರಕೆಯ ಸಲುವಾಗಿ ಈ ಏರ್ಪಾಡು. ಟೆಂಟಿನ ಗೋಡೆ ಬಟ್ಟೆಯದ್ದು ಅನ್ನುವುದು ಆಗ ಯಾರಿಗೂ ಹೊಳೆದಿರಲಿಲ್ಲ.

2019ರಲ್ಲಿ ರಾಜ್ಯೋತ್ಸವ ಶುಕ್ರವಾರ ಬಂದಿತ್ತು. ಮೂರು ದಿನ ಸಾಲು ರಜೆ. ತಮ್ಮ ಎರಡು ತಿಂಗಳ ಮುಂಚೆಯೇ ಕ್ಯಾಲೆಂಡರಿನಲ್ಲಿ ‘ಕುಮಾರ ಪರ್ವತ’ ಅಂತ ಬರೆದಿಟ್ಟಿದ್ದ. “ಅಕ್ಕಾ, ನೀನೂ ಬಾ. ಸುಮ್ನೆ ಮನೇಲಿ ಕೂತು ಏನ್ ಮಾಡ್ತೀಯ?” ಅಂದ. ನನ್ನ ಗಂಡನನ್ನೂ ಕರೆದ. “ಚಳೀಲಿ ನೆಲದ ಮೇಲೆ ಮಲಗೋಕೆ ಅಷ್ಟು ದೂರ ಯಾಕಪ್ಪಾ, ನಮ್ಮ ಟೆರೇಸ್ ಇಲ್ವಾ?” ಅಂದು ಅವರು ಪೇಪರ್ ಮಗುಚಿದರು. ಅವರ ಮಾತು ಸರಿ ಅಂತ ನನಗೆ ಮಾರನೇ ರಾತ್ರಿ ಎರಡು ಗಂಟೆಗೆ ಅನ್ನಿಸಿತು. ಇವತ್ತಿಗೂ ಅವರಿಗೆ ಹೇಳಿಲ್ಲ.

ಗುರುವಾರ ರಾತ್ರಿ ಬಸ್ಸು ಹತ್ತಿದೆವು. ಘಾಟಿಯ ತಿರುವುಗಳಲ್ಲಿ ನಿದ್ದೆ ಅರ್ಧ, ಹೊಟ್ಟೆ ತೊಳೆಸುವುದು ಅರ್ಧ. ಬೆಳಕು ಹರಿಯುವ ಮೊದಲೇ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಇಳಿದೆವು. ಕುಮಾರಧಾರೆಯಲ್ಲಿ ಕಾಲು ತೊಳೆದು, ದೇವರಿಗೆ ಕೈ ಮುಗಿದು, ಹೋಟೆಲಿನಲ್ಲಿ ಬಿಸಿ ಬಿಸಿ ಬನ್ಸ್ ತಿಂದೆವು. ತಾರಕಾಸುರನನ್ನು ಕೊಂದ ಮೇಲೆ ಕುಮಾರಸ್ವಾಮಿ ತನ್ನ ಆಯುಧ ತೊಳೆದದ್ದು ಈ ಹೊಳೆಯಲ್ಲೇ ಅನ್ನುತ್ತಾರೆ. ಹೊಳೆ ಹುಟ್ಟುವುದು ನಾವು ಹತ್ತಬೇಕಾದ ಬೆಟ್ಟದ ಕಡೆಯಿಂದ. ಅದರ ಎತ್ತರ 1,712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಹಾಗಾಗಿ ಚಿಕ್ಕಮಗಳೂರಿನ ಕಡೆಯ ಬೆಟ್ಟಗಳ ಹಾಗೆ ಅರ್ಧ ಎತ್ತರ ಜೀಪಿನಲ್ಲೇ ಮುಗಿಸುವ ಉಪಾಯ ಇಲ್ಲಿ ಇಲ್ಲ. ಇಡೀ ಬೆಟ್ಟ ನಮ್ಮ ಕಾಲಿನ ಲೆಕ್ಕಕ್ಕೇ ಬೀಳುತ್ತದೆ.

ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು, ಬರೀ ಏರು. ಬೇರುಗಳೇ ಮೆಟ್ಟಿಲು. ಗಾಳಿ ಆಡುವುದಿಲ್ಲ. ಭೀಮನ ಕಲ್ಲು ಅನ್ನುವ ದೊಡ್ಡ ಬಂಡೆಯ ಹತ್ತಿರ ಬರುವ ಹೊತ್ತಿಗೆ ನನ್ನ ಬೆನ್ನಿನ ಚೀಲ ಎರಡು ಪಟ್ಟು ಭಾರವಾಗಿತ್ತು. ಮನೆಯಲ್ಲಿ ತುಂಬುವಾಗ ‘ಇರಲಿ, ಇರಲಿ’ ಅಂತ ಹಾಕಿದ್ದೆಲ್ಲ ನೆನಪಾಯಿತು. ಒಂದು ಡಬ್ಬಿ ಚಕ್ಕುಲಿ. ದೊಡ್ಡ ಟವೆಲ್. ಓದದೇ ವಾಪಸ್ ತಂದ ಒಂದು ಪುಸ್ತಕ.

ಉಂಬಳದ ಬಗ್ಗೆ ಹೇಳಲೇಬೇಕು. ನಾವು ಬಯಲುಸೀಮೆಯವರು ಎಲ್ಲವನ್ನೂ ಜಿಗಣೆ ಅಂತೀವಿ. ತಮ್ಮನ ಹೆಂಡತಿ ತೀರ್ಥಹಳ್ಳಿ ಕಡೆಯವಳು. “ಜಿಗಣೆ ನೀರಲ್ಲಿರೋದು ಅತ್ತಿಗೆ, ದಪ್ಪದ್ದು. ಇದು ಉಂಬಳ” ಅಂತ ತಿದ್ದಿದಳು. ತಿದ್ದುವಾಗ ನನ್ನ ಕಣ್ಣು ಶೂ ಮೇಲೆ ನಿಂತ ಒಂದರ ಮೇಲಿತ್ತು. ದಾರದಷ್ಟು ಸಣ್ಣದು. ಬಾಲ ಊರಿ, ತಲೆ ಎತ್ತಿ, ಅತ್ತ ಇತ್ತ ಮೂಸಿ ನೋಡುತ್ತಿತ್ತು. ಅಲ್ಲಿಂದ ಬಗ್ಗಿ ಗೇಣು ಹಾಕಿದ ಹಾಗೆ ಒಂದೊಂದೇ ಹೆಜ್ಜೆ ಮುಂದೆ. ಶೂ ಲೇಸಿನ ತೂತು ಹುಡುಕಿ ಒಳಗೆ ನುಗ್ಗಲು ಅದಕ್ಕೆ ಅರ್ಧ ನಿಮಿಷವೂ ಬೇಡ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ನೋವಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಒಂದು ರಸ ಬಿಡುತ್ತದಂತೆ. ಅದಕ್ಕೇ ಅದು ಬಿದ್ದುಹೋದ ಮೇಲೂ ರಕ್ತ ಸುರಿಯುತ್ತಲೇ ಇರುತ್ತದೆ. ಮಳೆಗಾಲ ಮುಗಿದರೂ ಕಾಡಿನ ನೆಲ ಇನ್ನೂ ಒದ್ದೆಯಾಗಿತ್ತು, ಅವಕ್ಕೆ ಹಬ್ಬ. ನಾನು ಇಂಟರ್‌ನೆಟ್ ನೋಡಿ ತರಿಸಿದ್ದ ಸ್ಪ್ರೇ ಬೆವರಿಗೆ ತೊಳೆದು ಹೋಯಿತು. ಅವಳು ಸೊಂಟದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಒಳಗೆ ಹೊಗೆಸೊಪ್ಪು, ಸುಣ್ಣ. ಗಂಟನ್ನು ನೀರಲ್ಲಿ ಅದ್ದಿ ನನ್ನ ಕಾಲಿಗೆ ಒತ್ತಿದಳು. ಉಂಬಳ ಸುರುಟಿಕೊಂಡು ಉದುರಿತು. “ಇಷ್ಟಕ್ಕೆಲ್ಲ ಎಂತ ಕೂಗೋದು ಮಾರಾಯ್ರೆ” ಅಂದಳು. ನಾನು ಕೂಗಿದ್ದೆ ಅಂತ ಗೊತ್ತಾಗಿದ್ದೇ ಆಗ.

ಕಾಡು ಮುಗಿದು ಹುಲ್ಲುಗಾವಲು ತೆರೆಯುವ ಜಾಗವೇ ಗಿರಿಗದ್ದೆ. ಅಲ್ಲಿ ಅಡಿಕೆ ತೋಟದ ನಡುವೆ ಭಟ್ಟರ ಮನೆ. ಎಷ್ಟೋ ವರ್ಷಗಳಿಂದ ಬೆಟ್ಟ ಹತ್ತುವವರಿಗೆಲ್ಲ ಊಟ ಹಾಕುತ್ತಿದ್ದ ಮನೆ ಅದು. ಮೊದಲೇ ಫೋನ್ ಮಾಡಿ ಎಷ್ಟು ಜನ ಅಂತ ಹೇಳಿರಬೇಕಿತ್ತು, ಅಷ್ಟೇ. ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ಬೇರೇನಿಲ್ಲ. ಬೇಕೂ ಇಲ್ಲ. ನಾಲ್ಕು ಗಂಟೆ ಏರು ಹತ್ತಿ ಬಂದವರ ಬಾಯಿಗೆ ಆ ಮಜ್ಜಿಗೆ ಹೇಗಿತ್ತು ಅಂತ ಬರೆಯುವುದು ಕಷ್ಟ. ಊಟದ ವಿಷಯದಲ್ಲಿ ತಕರಾರು ತೆಗೆಯದ ದಿನವಿಲ್ಲ ನನ್ನ ಮಗಳು. ಮೂರು ಸಲ ಅನ್ನ ಹಾಕಿಸಿಕೊಂಡಳು. “ಸಾಕಾ? ಇನ್ನೂ ಉಂಟು” ಅಂತ ಬಡಿಸುವವರು ಕೇಳಿದರೆ ತಟ್ಟೆ ಮುಂದೆ ಹಿಡಿದಳು. ಮನೆಯಲ್ಲಿ ಇದೇ ಸಾಂಬಾರಿಗೆ ಅವಳು ಮುಖ ತಿರುಗಿಸುತ್ತಾಳೆ.

ಮಧ್ಯಾಹ್ನ ಟೆಂಟ್ ಹಾಕುವ ಕೆಲಸ. ನಮ್ಮ ಹಾಗೆಯೇ ಸಾಲು ರಜೆಯ ಲೆಕ್ಕ ಹಾಕಿದವರು ಬೇಕಾದಷ್ಟು ಜನ ಇದ್ದರು. ಸಮತಟ್ಟಾದ ಜಾಗವೆಲ್ಲ ಹೋಗಿತ್ತು. ನಮಗೆ ಸಿಕ್ಕಿದ್ದು ಸ್ವಲ್ಪ ಇಳಿಜಾರು. ಆಗ ಹೀಗೆ ಯಾರು ಬೇಕಾದರೂ ಬಂದು ಹತ್ತಬಹುದಿತ್ತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಇದೇ ಬೆಟ್ಟದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ವಿಡಿಯೋ ನೀವೂ ನೋಡಿರಬಹುದು. ಆಮೇಲೆ ಅರಣ್ಯ ಇಲಾಖೆ ಕೆಲ ತಿಂಗಳು ಚಾರಣ ನಿಲ್ಲಿಸಿ, ಆನ್‌ಲೈನಿನಲ್ಲಿ ಮೊದಲೇ ಟಿಕೆಟ್ ಮಾಡಿಸುವ ಪದ್ಧತಿ ತಂದಿತು. ಒಳ್ಳೆಯದೇ ಆಯಿತು ಅನ್ನಿಸುತ್ತದೆ ನನಗೆ. ಪುಷ್ಪಗಿರಿ ಅಭಯಾರಣ್ಯ ಅದು. ಅಲ್ಲಿ ಟೆಂಟ್ ಹಾಕಿದ ಸುಖ ಉಂಡವಳು ಈಗ ಹೀಗೆ ಹೇಳುವುದು ಸುಲಭ ಅಂತ ನೀವು ನಕ್ಕರೂ ಪರವಾಗಿಲ್ಲ.

ಟೆಂಟನ್ನು ಬೆಂಗಳೂರಿನ ಒಂದು ಅಂಗಡಿಯಿಂದ ಬಾಡಿಗೆಗೆ ತಂದಿದ್ದೆವು. ಎಂಟು ಗೂಟ ಅಂತ ರಸೀದಿಯಲ್ಲಿ ಬರೆದಿತ್ತು. ಚೀಲ ಕೊಡವಿದರೆ ಏಳು. ಅಂಗಡಿಯಲ್ಲಿ ಎಣಿಸಿಕೊಳ್ಳಬೇಕಿತ್ತು, ಎಣಿಸಿರಲಿಲ್ಲ. ಎಂಟನೇ ಮೂಲೆಯ ಹಗ್ಗಕ್ಕೆ ತಮ್ಮ ಒಂದು ಕಲ್ಲು ಕಟ್ಟಿದ. “ಏನೂ ಆಗಲ್ಲ ಅಕ್ಕ.” ಅವನು ಹೀಗೆ ಹೇಳಿದಾಗಲೆಲ್ಲ ಏನಾದರೂ ಆಗಿದೆ.

ಮಗಳಿಗೆ ಬೇಜಾರಾಗಿದ್ದು ಬೆಂಕಿ ಇಲ್ಲ ಅಂತ. ಕ್ಯಾಂಪಿಂಗ್ ಅಂದರೆ ಬೆಂಕಿ ಸುತ್ತ ಕೂತು ಗಿಟಾರ್ ನುಡಿಸುವುದು ಅಂದುಕೊಂಡಿದ್ದಳು. ಒಂದು ಕಿಡಿ ಹಾರಿದರೆ ಇಡೀ ಹುಲ್ಲುಗಾವಲು ಹೊತ್ತಿಕೊಳ್ಳುವ ಜಾಗದಲ್ಲಿ ಬೆಂಕಿ ಎಲ್ಲಿಂದ ಬರಬೇಕು? ರಾತ್ರಿ ಎಲ್ಲರೂ ಟಾರ್ಚ್ ಆರಿಸಿ ಹೊರಗೆ ಮ್ಯಾಟ್ ಹಾಸಿ ಮಲಗಿದೆವು. ಹತ್ತು ದಾಟುವ ಹೊತ್ತಿಗೆ ಪಂಚಮಿಯ ಎಳೆ ಚಂದ್ರನೂ ಮುಳುಗಿಹೋಗಿದ್ದ. ಪೂರ್ವಕ್ಕೆ ಬೆಟ್ಟದ ಕಪ್ಪು ಬೆನ್ನು. ಅದರ ಮೇಲೆ ಒಂದು ಹಿಡಿ ನಕ್ಷತ್ರ, ಯಾರೋ ಒಂದೇ ಕಡೆ ಚೆಲ್ಲಿದ ಹಾಗೆ. “ಅದು ಕೃತ್ತಿಕೆ” ಅಂದೆ. ಮಗಳು ಎಣಿಸಿ “ಆರೇ ಇದೆ” ಅಂದಳು. ಆರೇ. ಶಿವನ ಮಗನಿಗೆ ಹಾಲು ಕೊಟ್ಟ ಆರು ತಾಯಂದಿರು. ಆರು ಜನರಿಗೂ ಬೇಜಾರಾಗಬಾರದು ಅಂತ ಮಗು ಆರು ಮುಖ ಮಾಡಿಕೊಂಡಿತು, ಅದಕ್ಕೇ ಷಣ್ಮುಖ, ಅದಕ್ಕೇ ಕಾರ್ತಿಕೇಯ. ಅವನ ಬೆಟ್ಟದ ಮೇಲೆಯೇ ಅವನ ತಾಯಂದಿರು ನಿಂತಿದ್ದರು. ನನ್ನ ಅಜ್ಜಿ ಹೇಳಿದ್ದ ಕಥೆ ನನಗೆ ಇಷ್ಟು ವರ್ಷ ಬರೀ ಕಥೆಯಾಗಿತ್ತು. ಮಗಳು ಮಾತಾಡಲಿಲ್ಲ, ಫೋನೂ ತೆಗೆಯಲಿಲ್ಲ. ತೆಗೆದರೂ ಸಿಗ್ನಲ್ ಇರಲಿಲ್ಲ ಅನ್ನಿ.

ಆ ಒಂದು ಗಂಟೆಯ ಬಾಡಿಗೆಯನ್ನು ಉಳಿದ ರಾತ್ರಿಯೆಲ್ಲ ಕಟ್ಟಿದೆವು.

ಒಳಗೆ ಹೋಗಿ ಮಲಗಿದ ಕೂಡಲೇ ಬೆನ್ನಿಗೆ ಕಲ್ಲು ಸಿಕ್ಕಿತು. ಸೊಂಟಕ್ಕಿಂತ ಸ್ವಲ್ಪ ಮೇಲೆ, ಎಡಕ್ಕೆ. ಟೆಂಟ್ ಹಾಕುವ ಮುಂಚೆ ನೆಲ ಸವರಿ ನೋಡಿದ್ದೆವು, ಆಗ ಇರಲಿಲ್ಲ. ಸರಿದರೆ ಮಗಳ ಮೊಣಕೈ. ಆ ಕಡೆ ಸರಿದರೆ ಟೆಂಟಿನ ಗೋಡೆ. ಇಳಿಜಾರಿನಿಂದಾಗಿ ಹದಿನೈದು ನಿಮಿಷಕ್ಕೊಮ್ಮೆ ಮೂವರೂ ಜಾರಿ ಕಾಲಿನ ಕಡೆ ಗುಡ್ಡೆ ಬೀಳುತ್ತಿದ್ದೆವು. ತೆವಳಿಕೊಂಡು ಮೇಲೆ ಹೋದರೆ ಅದೇ ಕಲ್ಲು ಕಾಯುತ್ತಿತ್ತು.

ಆಮೇಲೆ ಚಳಿ. ಚಳಿ ಮೇಲಿನಿಂದ ಬರುತ್ತದೆ ಅಂದುಕೊಂಡು ಎರಡು ಸ್ವೆಟರ್ ಹಾಕಿದ್ದೆ. ಬಂದಿದ್ದು ಕೆಳಗಿನಿಂದ. ಸ್ಲೀಪಿಂಗ್ ಬ್ಯಾಗಿನ ಹತ್ತಿ ನಮ್ಮ ಭಾರಕ್ಕೆ ಕೆಳಗಡೆ ಅಪ್ಪಚ್ಚಿಯಾಗುತ್ತದೆ. ಮೈಯ ಬಿಸಿಯನ್ನೆಲ್ಲ ನೆಲ ಹೀರಿಕೊಳ್ಳುತ್ತದೆ. ಒಳ್ಳೆ ಮ್ಯಾಟ್ ಬೇಕು ಅಂತ ತಮ್ಮ ಹೇಳಿದ್ದ. ಭಾರ ಜಾಸ್ತಿ ಅಂತ ನಾನು ತೆಳ್ಳಗಿನದು ತಂದಿದ್ದೆ. ಚಕ್ಕುಲಿ ಡಬ್ಬಿಗೆ ಮಾತ್ರ ಜಾಗ ಇತ್ತು ನೋಡಿ.

ಹನ್ನೆರಡರ ಸುಮಾರಿಗೆ ಬೆನ್ನಿನ ಬಲಭಾಗ ಬೆಚ್ಚಗಾಯಿತು. ಗೋಡೆಯ ಆಚೆಯಿಂದ ಏನೋ ಭಾರವಾಗಿ ಒರಗಿತ್ತು. ಉಸಿರಾಡುತ್ತಿತ್ತು. ಈ ಕಾಡಲ್ಲಿ ಆನೆ ಇದೆ ಅಂತ ಸಂಜೆ ತಾನೇ ಯಾರೋ ಹೇಳಿದ್ದರು. ಆನೆ ಇಷ್ಟು ಸಣ್ಣದಿರುವುದಿಲ್ಲ ಅಂತ ಬುದ್ಧಿಗೆ ಗೊತ್ತು, ಎದೆಗೆ ಗೊತ್ತಾಗಬೇಕಲ್ಲ. ಕೊನೆಗೆ ಅದು ಕಿವಿ ಪಟಪಟ ಕೊಡವಿತು. ನಾಯಿ. ಮಧ್ಯಾಹ್ನ ಊಟದ ಹೊತ್ತಲ್ಲಿ ನಮ್ಮ ಸುತ್ತ ತಿರುಗುತ್ತಿದ್ದ ಕಂದು ನಾಯಿ. ನಾನೂ ಅದಕ್ಕೆ ಒರಗಿಕೊಂಡೆ. ಆ ರಾತ್ರಿ ಸಿಕ್ಕಿದ ಬಿಸಿ ಅಂದರೆ ಅದೊಂದೇ.

ಒಂದಕ್ಕೆ ಹೋಗುವುದು ಬೇರೆ. ಗಂಡಸರು ಬರೆಯುವ ಚಾರಣದ ಬರಹಗಳಲ್ಲಿ ಈ ವಿಷಯವೇ ಇರುವುದಿಲ್ಲ. ಹಗಲೆಲ್ಲ ನೀರು ಕುಡಿ, ನೀರು ಕುಡಿ ಅಂತಾರೆ, ಆ ನೀರು ಎಲ್ಲಿ ಹೋಗಬೇಕು? ತಮ್ಮನ ಹೆಂಡತಿಯನ್ನು ಎಬ್ಬಿಸಿ, ತಲೆಗೆ ಲ್ಯಾಂಪ್ ಕಟ್ಟಿಕೊಂಡು ಹೊರಟೆ. ಹುಲ್ಲಿನ ಮೇಲೆ ಬೆಳಕು ಬಿದ್ದ ಕಡೆಯೆಲ್ಲ ಸಣ್ಣ ಸಣ್ಣ ಹಸಿರು ಚುಕ್ಕಿ ಮಿಣಕ್ ಅಂದವು. ಇಬ್ಬನಿ ಅಂದುಕೊಂಡೆ. ಬಗ್ಗಿ ನೋಡಿದರೆ ಜೇಡಗಳ ಕಣ್ಣು. ನೂರಾರು. ಇಡೀ ಇಳಿಜಾರು ನಮ್ಮನ್ನೇ ನೋಡುತ್ತಿತ್ತು. ಚಂದವೂ ಹೌದು, ಕೂರಲು ಧೈರ್ಯ ಬೇಡವೇ?

ಎರಡು ಗಂಟೆಗೆ ಮಳೆ. ಕರಾವಳಿ ಕಡೆಯಿಂದ ಗುಡುಗು, ಹಿಂದೆಯೇ ಗಾಳಿ. ಕಲ್ಲು ಕಟ್ಟಿದ್ದ ಮೂಲೆ ಬಿಚ್ಚಿಕೊಂಡು ಟೆಂಟಿನ ಮೇಲುಹೊದಿಕೆ ಪಟಾರ್ ಪಟಾರ್ ಅಂತ ಹೊಡೆದುಕೊಳ್ಳತೊಡಗಿತು. ಹೊದಿಕೆ ಒಳಗಿನ ಬಟ್ಟೆಗೆ ತಾಗಿದರೆ ಮುಗಿಯಿತು, ನೀರು ಇಳಿಯುತ್ತದೆ. ಅಷ್ಟರಲ್ಲೇ ನಮ್ಮ ಉಸಿರಿನ ಆವಿ ಗೋಡೆಗೆಲ್ಲ ಹನಿಗಟ್ಟಿತ್ತು. ಮೇಲಿಂದಲೂ ನೀರು, ಒಳಗಿಂದಲೂ ನೀರು. ತಮ್ಮ ಗೊರಕೆ ಹೊಡೆಯುತ್ತಿದ್ದ. ಪಕ್ಕದ ಟೆಂಟಿನ ಹುಡುಗರು, ಹಾಸನ ಕಡೆಯವರಿರಬೇಕು, ನಮ್ಮ ಗಲಾಟೆಗೆ ಎದ್ದು ಬಂದರು. “ಆಂಟಿ, ನಮ್ಮ ಹತ್ರ ಒಂದು ಗೂಟ ಜಾಸ್ತಿ ಇದೆ, ತಗೊಳಿ” ಅಂದು ಮಳೆಯಲ್ಲೇ ಹೊಡೆದು ಹಗ್ಗ ಬಿಗಿದರು. ನಾಯಿ ಆ ಗಲಾಟೆಯಲ್ಲಿ ಬಾಗಿಲಿನ ಮಡಿಕೆಯೊಳಗೆ ನುಸುಳಿ ನಮ್ಮ ಶೂಗಳ ಮೇಲೆ ಮಲಗಿಬಿಟ್ಟಿತು. ಒದ್ದೆ ನಾಯಿಯ ವಾಸನೆ, ಉಂಬಳಕ್ಕೆ ಹಚ್ಚಿದ್ದ ಹೊಗೆಸೊಪ್ಪಿನ ವಾಸನೆ, ಮೂರು ಜೊತೆ ಸಾಕ್ಸಿನ ವಾಸನೆ. ಮಗಳು ಕತ್ತಲಲ್ಲಿ ಕಿಸಕ್ಕನೆ ನಕ್ಕಳು. ನಮಗೂ ತಡೆಯಲಾಗಲಿಲ್ಲ. ಚಕ್ಕುಲಿ ಡಬ್ಬಿ ತೆಗೆದೆವು. ಹೊತ್ತು ತಂದಿದ್ದು ಕೊನೆಗೂ ಸಾರ್ಥಕವಾಯಿತು.

ಬೆಳಗ್ಗೆ ಆರಕ್ಕೆ ಹೊರಟು ಕಲ್ಲು ಮಂಟಪ, ಶೇಷ ಪರ್ವತ ದಾಟಿ, ಮಧ್ಯದ ಶೋಲಾ ಕಾಡಿನಲ್ಲಿ ಇಳಿದು, ಒದ್ದೆ ಬಂಡೆಯ ಮೇಲೆ ಕೈಕಾಲು ಊರಿ ತುದಿ ಸೇರಿದೆವು. ತುದಿಯಲ್ಲಿ ಮಂಜು. ಆ ಕಡೆ ಕೊಡಗು, ಈ ಕಡೆ ದಕ್ಷಿಣ ಕನ್ನಡ ಅಂತ ತಮ್ಮ ಬಿಳಿ ಗೋಡೆಯ ಕಡೆ ಕೈ ತೋರಿಸಿದ. ನಂಬಿದೆವು. ತುದಿಯ ಬಗ್ಗೆ ಇಷ್ಟೇ ಹೇಳುವುದಿದೆ.

ವಾಪಸ್ ಬಂದು ಟೆಂಟ್ ಬಿಚ್ಚುವಾಗ ನಾನು ಮೊದಲು ನೋಡಿದ್ದು ಆ ಕಲ್ಲನ್ನು. ತೆಂಗಿನಕಾಯಿ ಗಾತ್ರದ್ದು ಅಂತ ಪಂದ್ಯ ಕಟ್ಟಿದ್ದೆ. ಕಲ್ಲೇ ಇರಲಿಲ್ಲ. ಒಂದು ಹುಲ್ಲಿನ ಬುಡ, ನಿಂಬೆಹಣ್ಣಿನಷ್ಟು, ನಾನು ಮಲಗಿದ್ದರಿಂದ ಅದೂ ಚಪ್ಪಟೆಯಾಗಿತ್ತು. ತಮ್ಮ ಬಿದ್ದು ಬಿದ್ದು ನಕ್ಕ. ರಾತ್ರಿ ಮಳೆ ಬಂದಿತ್ತಾ ಅಂತ ಕೇಳಿದವನು ಅವನೇ.

ಇಳಿಯುವಾಗ ಮಂಡಿ ಮಾತಾಡಿತು. ಅದನ್ನು ಬರೆದರೆ ಇನ್ನೊಂದು ಪುಟ ಬೇಕು.

ಭಾನುವಾರ ಸಂಜೆ ಟೆಂಟನ್ನು ನಮ್ಮ ಟೆರೇಸಿನ ಮೇಲೆ ಒಣಗಲು ಹರವಿದ್ದೆ. ನನ್ನ ಗಂಡ ಕಾಫಿ ಹಿಡಿದು ಮೇಲೆ ಬಂದರು. “ಹೆಂಗಿತ್ತು? ನಿದ್ದೆ ಬಂತಾ?” ಅಂತ ಮಗಳನ್ನು ಕೇಳಿದರು. ಮಗಳು ನನ್ನ ಮುಖ ನೋಡಿದಳು. “ಸಕತ್ ನಿದ್ದೆ ಅಪ್ಪಾ” ಅಂದಳು. ನಾನು ತಲೆ ಎತ್ತದೆ ಗೂಟ ಎಣಿಸುತ್ತಿದ್ದೆ. ಸರಿಯಾಗಿ ಎಂಟು. ಏಳು ಬಿಳಿ, ಒಂದು ಕೆಂಪು. ಆ ಹುಡುಗರಿಗೆ ವಾಪಸ್ ಕೊಡುವುದೇ ಮರೆತುಹೋಗಿತ್ತು. ಸೋಮವಾರ ಅಂಗಡಿಯವನು ಎಣಿಸಿಕೊಂಡು, ಲೆಕ್ಕ ಸರಿಯಿದೆ ಅಂತ ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟ.