ಲೋಯರ್ ಆರ್ಮ್ ಬುಶ್ ಬದಲಾಯಿಸಿದೆ, ಆದ್ರೆ ಹೇಳ್ಬೇಕಾಗಿರೋದು ಬೋಲ್ಟ್ ಟೈಟ್ ಮಾಡೋ ಬಗ್ಗೆ

ಹಂಪ್ ಇಳಿಯುವಾಗ ಮುಂದಿನ ಚಕ್ರದ ಹತ್ರ ಡಕ್ ಅಂತ ಸದ್ದು, ಬ್ರೇಕ್ ಒತ್ತಿದ್ರೆ ಗಾಡಿ ಸ್ವಲ್ಪ ಒಂದ್ಕಡೆಗೆ ಎಳೆಯೋದು, ಅಲೈನ್‌ಮೆಂಟ್ ಮಾಡಿಸಿದ್ರೂ ಟೈರಿನ ಒಂದು ಅಂಚು ಮಾತ್ರ ಸವೆಯೋದು. ಇವೆಲ್ಲ ಒಟ್ಟಿಗೆ ಬಂದ್ರೆ ಮೊದ್ಲು ನೋಡ್ಬೇಕಾಗಿರೋದು ಲೋಯರ್ ಆರ್ಮ್ ಬುಶ್. ಲೋಯರ್ ಆರ್ಮ್ ಅಂದ್ರೆ ಚಕ್ರವನ್ನ ಗಾಡಿಯ ಬಾಡಿಗೆ ಜೋಡಿಸೋ ಕೆಳಗಿನ ತೋಳು, ಅದು ಬಾಡಿಗೆ ಸೇರೋ ಜಾಗದಲ್ಲಿ ಈ ಬುಶ್ ಇರತ್ತೆ. ಶಾಕ್ ಅಬ್ಸಾರ್ಬರ್ ಹೋಗಿದೆ ಅಂದ್ಕೊಂಡು ಅದನ್ನೇ ಮೊದ್ಲು ಬದಲಾಯಿಸೋರು ತುಂಬ ಜನ ಇದಾರೆ, ದುಡ್ಡು ಖರ್ಚಾಗತ್ತೆ, ಸದ್ದು ಹಾಗೇ ಉಳಿಯತ್ತೆ. ನನ್ನ ಸಣ್ಣ ಕಾರಿಗೆ ಈಗಷ್ಟೇ ಎರಡೂ ಕಡೆ ಹೊಸ ಬುಶ್ ಹಾಕಿದೀನಿ, ಕೆಲಸ ಇನ್ನೂ ತಲೇಲಿ ಇರುವಾಗ್ಲೇ ಬರೆದುಬಿಡೋಣ ಅಂತ.

ಬುಶ್ ಅಂದ್ರೆ ಒಳಗೊಂದು ಕಬ್ಬಿಣದ ಸ್ಲೀವ್, ಹೊರಗೊಂದು ಸ್ಲೀವ್, ನಡುವೆ ಎರಡಕ್ಕೂ ಅಂಟಿಕೊಂಡಿರೋ ರಬ್ಬರ್. ಬೋಲ್ಟ್ ಟೈಟ್ ಆದ್ಮೇಲೆ ಒಳಗಿನ ಸ್ಲೀವ್ ಬಾಡಿಗೆ ಕಚ್ಕೊಂಡು ನಿಂತುಬಿಡತ್ತೆ, ಅದು ಬೇರಿಂಗ್ ತರ ತಿರುಗಲ್ಲ. ಚಕ್ರ ಮೇಲೆ ಕೆಳಗೆ ಆಡಿದಾಗೆಲ್ಲ ತಿರುಚಿಕೊಳ್ಳೋದು ರಬ್ಬರ್ ಮಾತ್ರ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಈ ಒಂದು ವಿಷಯ ಅರ್ಥ ಆದ್ರೆ ಉಳಿದಿದ್ದೆಲ್ಲ ಅರ್ಥ ಆಗತ್ತೆ.

ಚೆಕ್ ಮಾಡೋದು ಕಷ್ಟ ಇಲ್ಲ. ಗಾಡಿನ ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜಾಕ್ ನಂಬ್ಕೊಂಡು ಕೆಳಗೆ ನುಗ್ಗೋದು ಬೇಡ, ದಯವಿಟ್ಟು), ಉದ್ದದ ಪ್ರೈ ಬಾರ್ (ಮೀಟೋ ಕಬ್ಬಿಣದ ಸಲಾಕೆ) ಒಂದನ್ನ ಆರ್ಮ್ ಮತ್ತೆ ಫ್ರೇಮ್ ನಡುವೆ ಇಟ್ಟು ಮೀಟಿ ನೋಡಿ. ರಬ್ಬರ್ ಅಂದ್ಮೇಲೆ ಸ್ವಲ್ಪ ಆಡೇ ಆಡತ್ತೆ, ಮೇಲ್ಮೈ ಮೇಲೆ ಸಣ್ಣ ಬಿರುಕಿದ್ರೂ ಗಾಬರಿ ಬೇಡ. ಆದ್ರೆ ರಬ್ಬರ್ ಸ್ಲೀವ್‌ನಿಂದ ಬಿಟ್ಕೊಂಡಿದ್ರೆ, ಆಳವಾಗಿ ಹರಿದಿದ್ರೆ, ಆರ್ಮ್ ಟಕ್ ಅಂತ ಜರುಗಿದ್ರೆ ಬುಶ್ ಮುಗೀತು. ಎಲ್ ಆಕಾರದ ಆರ್ಮ್ ಇರೋ ಗಾಡಿಗಳಲ್ಲಿ ಹಿಂದಿನ ದೊಡ್ಡ ಬುಶ್ ಮೇಲೇ ಬ್ರೇಕಿನ ಎಳೆತ ಜಾಸ್ತಿ ಬೀಳೋದು, ಅದನ್ನ ಚೆನ್ನಾಗಿ ನೋಡಿ.

ಬಿಚ್ಚೋ ಮುಂಚೆ, ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ್ಲೇ, ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಎತ್ತರ ಅಳೆದು ಬರೆದಿಟ್ಕೊಳ್ಳಿ. ಎರಡೂ ಕಡೆ. ಇದು ಕೊನೇಲಿ ಬೇಕಾಗತ್ತೆ.

ಬಿಚ್ಚೋದು ಅಂದ್ರೆ ತಾಳ್ಮೆಯ ಕೆಲಸ ಅಷ್ಟೇ. ಹಿಂದಿನ ದಿನವೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಟ್ರೆ ಅರ್ಧ ಜಗಳ ಕಮ್ಮಿ ಆಗತ್ತೆ, ಆಮೇಲೆ ಸ್ಟೆಬಿಲೈಸರ್ ಲಿಂಕ್ (ಗಾಡಿ ವಾಲೋದನ್ನ ತಡೆಯೋ ರಾಡ್‌ನ ಕೊಂಡಿ) ಆರ್ಮ್‌ಗೆ ಸೇರಿದ್ರೆ ಅದು, ಬಾಲ್ ಜಾಯಿಂಟ್ (ಆರ್ಮ್‌ನ ಚಕ್ರದ ಕಡೆಯ ತುದೀಲಿರೋ ಗುಂಡು ಕೀಲು), ಆಮೇಲೆ ಆರ್ಮ್ ಬೋಲ್ಟ್‌ಗಳು, ಈ ಕ್ರಮದಲ್ಲಿ ಬಿಚ್ಚಿ. ಹಳೇ ಬುಶ್‌ನಲ್ಲಿ ರಬ್ಬರ್ ಒಳಗೆ ಖಾಲಿ ಜಾಗ ಬಿಟ್ಟಿದ್ರೆ ಅದು ಯಾವ ಕಡೆಗೆ ಮುಖ ಮಾಡಿದೆ ಅಂತ ಆರ್ಮ್ ಮೇಲೆ ಗುರುತು ಹಾಕಿ, ಹೊಸದು ಅದೇ ದಿಕ್ಕಲ್ಲಿ ಕೂರ್ಬೇಕು, ಇಲ್ಲಾಂದ್ರೆ ಮೆತ್ತಗಿರಬೇಕಾದ ಕಡೆ ಗಟ್ಟಿ, ಗಟ್ಟಿ ಇರಬೇಕಾದ ಕಡೆ ಮೆತ್ತಗೆ ಆಗಿಬಿಡತ್ತೆ. ಹೊಸ ಬುಶ್‌ನ ಪ್ರೆಸ್‌ನಲ್ಲಿ (ಒತ್ತೋ ಯಂತ್ರ) ಆರ್ಮ್ ಒಳಗೆ ಕೂರಿಸುವಾಗ ಒತ್ತಡ ಹೊರಗಿನ ಸ್ಲೀವ್ ಅಂಚಿನ ಮೇಲೇ ಬೀಳ್ಬೇಕು, ಒಳಗಿನ ಸ್ಲೀವ್ ಒತ್ತಿದ್ರೆ ಹೊಸ ರಬ್ಬರ್ ಹಾಕೋ ಮುಂಚೇನೇ ಕಿತ್ತು ಬರತ್ತೆ. ಸುತ್ತಿಗೇಲಿ ಬಡಿದು ಕೂರಿಸೋರನ್ನ ನೋಡಿದೀನಿ, ನನಗಂತೂ ಇಷ್ಟ ಆಗಲ್ಲ, ಸ್ಲೀವ್ ಓರೆ ಆಗತ್ತೆ. ಹಳೇ ರಬ್ಬರ್ ಸುಟ್ಟು ತೆಗೆಯೋದಂತೂ ಬೇಡವೇ ಬೇಡ, ಆ ಹೊಗೆ ವಿಷ. ರಬ್ಬರ್‌ಗೆ ಗ್ರೀಸ್, ಇಂಜಿನ್ ಆಯಿಲ್ ಹಚ್ಚಬಾರ್ದು, ಅದು ಉಬ್ಬಿ ಕೆಡತ್ತೆ, ಜಾರೋಕೆ ಏನಾದ್ರೂ ಬೇಕಂದ್ರೆ ಸೋಪು ನೀರು ಸಾಕು. ಪ್ರೆಸ್ ಸಿಗದಿದ್ರೆ, ಬುಶ್ ಬಾಲ್ ಜಾಯಿಂಟ್ ಎರಡೂ ಕೂತೇ ಬರೋ ಪೂರ್ತಿ ಆರ್ಮ್ ತಗೊಳ್ಳೋದೇ ಒಳ್ಳೇದು ಅನ್ಸತ್ತೆ, ಅದ್ರಲ್ಲೂ ಬಾಲ್ ಜಾಯಿಂಟ್ ಹಳೇದಾಗಿದ್ರೆ.

ಈಗ ಮುಖ್ಯ ವಿಷಯ. ಆರ್ಮ್ ವಾಪಸ್ ಹಾಕಿ, ಚಕ್ರ ಕೆಳಗೆ ಜೋತು ಬಿದ್ದಿರುವಾಗ್ಲೇ ಬೋಲ್ಟ್ ಪೂರ್ತಿ ಟೈಟ್ ಮಾಡಿದ್ರೆ ಆ ಜೋತು ಬಿದ್ದ ಸ್ಥಿತೀನೇ ರಬ್ಬರ್‌ಗೆ ಆರಾಮದ ಸ್ಥಿತಿ ಆಗೋಗತ್ತೆ. ಗಾಡಿ ನೆಲಕ್ಕೆ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರತ್ತೆ, ಸುಮ್ನೆ ನಿಂತಿದ್ರೂ. ಮೇಲಿಂದ ಒಂದು ಗುಂಡಿ ಬಂದ್ರೆ ಇನ್ನೂ ತಿರುಚತ್ತೆ, ಬೇಗ ಹರಿಯತ್ತೆ, ಆಮೇಲೆ ಪಾರ್ಟ್ ಸರಿ ಇಲ್ಲ ಅಂತ ಬೈತೀವಿ. ಹೊಸ ಬುಶ್ ಅಲ್ಪ ಕಾಲದಲ್ಲೇ ಹೋಯ್ತು ಅನ್ನೋರು ಮೊದ್ಲು ವಿಚಾರಿಸ್ಬೇಕಾದ್ದು ಇದನ್ನೇ. ಹಾಗಾಗಿ ಬೋಲ್ಟ್ ಕೈಯಲ್ಲಿ ಕೂರೋವರೆಗೆ ಮಾತ್ರ ತಿರುಗಿಸಿ ಬಿಡಿ. ಆಮೇಲೆ ಇನ್ನೊಂದು ಜಾಕನ್ನ ಬಾಲ್ ಜಾಯಿಂಟ್ ಹತ್ರ ಆರ್ಮ್ ಕೆಳಗೆ ಇಟ್ಟು, ಮೊದ್ಲು ಬರೆದಿಟ್ಟ ಎತ್ತರ ಬರೋವರೆಗೆ ನಿಧಾನಕ್ಕೆ ಎತ್ತಿ, ಗಾಡಿ ಸ್ಟ್ಯಾಂಡಿಂದ ಮೇಲೇಳ್ತಾ ಇದೆಯಾ ಅಂತ ನೋಡ್ತಾನೇ ಎತ್ತಿ. ಹಾಗೆ ಮೇಲೇಳ್ತಿದ್ರೆ ಅಲ್ಲಿಗೇ ಬಿಟ್ಟು, ಚಕ್ರ ಹಾಕಿ, ರ‍್ಯಾಂಪ್ ಮೇಲೆ ನಿಲ್ಲಿಸಿ ಟೈಟ್ ಮಾಡೋದು ಸೇಫ್. ಎತ್ತರ ಸರಿ ಬಂದ್ಮೇಲೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್) ಹಿಡಿದು ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರೋ ಅಂಕಿಗೆ ಟೈಟ್ ಮಾಡಿ, ಲಾಕ್ ನಟ್ (ತಾನಾಗೇ ಸಡಿಲ ಆಗದ ನಟ್) ಇದ್ರೆ ಹೊಸದೇ ಹಾಕಿ.

ರಬ್ಬರ್ ಬದಲು ಪಾಲಿಯುರೇಥೇನ್ (ಒಂಥರ ಗಟ್ಟಿ ಪ್ಲಾಸ್ಟಿಕ್) ಬುಶ್ ಹಾಕ್ಲಾ ಅಂತ ತುಂಬ ಜನಕ್ಕೆ ಆಸೆ ಇರತ್ತೆ. ಅದು ಬೇರೆ ಲೆಕ್ಕ, ಒಳಗಿನ ಸ್ಲೀವ್‌ಗೆ ಅಂಟಿರಲ್ಲ, ಅದರ ಸುತ್ತ ಜಾರತ್ತೆ, ಅದಕ್ಕೆ ಗ್ರೀಸ್ ಬೇಕು, ಒಣಗಿದ್ರೆ ಕೀರ್ ಅನ್ನತ್ತೆ. ಸ್ಟೀರಿಂಗ್ ಚುರುಕಾಗೋದು ನಿಜ, ಆದ್ರೆ ರೋಡಿನ ನಡುಕ ಎಲ್ಲ ಕ್ಯಾಬಿನ್‌ಗೆ ಬರತ್ತೆ. ದಿನಾ ಓಡಿಸೋ ಸಣ್ಣ ಗಾಡಿಗೆ ನಾನು ರಬ್ಬರೇ ಹಾಕೋದು.

ಎರಡೂ ಕಡೆ ಒಟ್ಟಿಗೆ ಬದಲಾಯಿಸಿ, ಒಂದ್ಕಡೆ ಹೊಸದು ಇನ್ನೊಂದ್ಕಡೆ ಹಳೇದು ಇದ್ರೆ ಬ್ರೇಕ್ ಹಾಕಿದಾಗ ಗಾಡಿ ನೇರ ನಿಲ್ಲದೇ ಇರಬಹುದು. ಕೆಲಸ ಮುಗಿದ್ಮೇಲೆ ಅಲೈನ್‌ಮೆಂಟ್ ಮಾಡಿಸ್ಲೇಬೇಕು, ಹಳೇ ಸೆಟ್ಟಿಂಗ್ ಎಲ್ಲ ಸವೆದ ಬುಶ್‌ಗೆ ಹೊಂದಿಸಿದ್ದು. ಸ್ವಲ್ಪ ದಿನ ಓಡಿಸಿದ್ಮೇಲೆ ಒಂದ್ಸಲ ಕೆಳಗೆ ಬಗ್ಗಿ ನಟ್‌ಗಳು ಸಡಿಲ ಆಗಿಲ್ವಾ ನೋಡ್ಕೊಳ್ಳಿ.